ಹಲ್ಲು ಸಾಲಾಗಿರೋದು ಬರೀ ಅಂದಕ್ಕಾ?

ಪ್ರಶ್ನೆ: ನನಗೆ 34 ವರ್ಷ. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ದಿನಕ್ಕೆ ಎರಡು ಸಲ ಉಜ್ಜಿದರೂ ಅಲ್ಲೇ ವಸಡಿನಿಂದ ರಕ್ತ ಬರುತ್ತದೆ. ಕ್ಲಿಪ್ ಹಾಕಿಸೋಣ ಅಂದರೆ ಮನೆಯವರು ‘ಈ ವಯಸ್ಸಲ್ಲಿ ಅಂದ ಕಟ್ಟಿಕೊಂಡು ಏನಾಗಬೇಕು’ ಅಂತಾರೆ. ಹಲ್ಲು ನೇರವಾದರೆ ಆರೋಗ್ಯಕ್ಕೂ ಉಪಯೋಗ ಇದೆಯಾ? 8 ವರ್ಷದ ಮಗಳ ಮೇಲಿನ ಹಲ್ಲು ಉಬ್ಬಿದೆ. ಅವಳಿಗೂ ಈಗಲೇ ಹಾಕಿಸಬೇಕಾ?

ಉತ್ತರ: ಉಪಯೋಗ ಖಂಡಿತ ಇದೆ. ನೇರವಾದ ಹಲ್ಲನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದು ಸುಲಭ. ನನ್ನ ಪ್ರಕಾರ ಅದೇ ದೊಡ್ಡ ಲಾಭ.

ಒಂದು ಕೆಲಸ ಮಾಡಿ. ಬ್ರಶ್ ಮಾಡಿದ ಮೇಲೆ ಕನ್ನಡಿ ಮುಂದೆ ಕೆಳತುಟಿಯನ್ನು ಕೆಳಗೆ ಎಳೆದು ನೋಡಿ. ಒಂದು ಹಲ್ಲಿನ ಹಿಂದೆ ಇನ್ನೊಂದು ಅಡಗಿರುವ ಜಾಗಕ್ಕೆ ಫ್ಲಾಸ್ ದಾರ ಇಳಿಸಿ, ಹೊರಗೆ ತೆಗೆದು ಮೂಸಿ. ಬಿಳಿ ಲೋಳೆ ಅಂಟಿದ್ದು, ವಾಸನೆ ಬಂದರೆ ರಕ್ತಕ್ಕೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಬ್ರಶ್ಶಿನ ಎಳೆಗಳು ಮುಂದಿನ ಹಲ್ಲಿನ ಮೇಲೆ ಜಾರಿ ಹೋಗುತ್ತವೆ, ಆ ಸಂದಿಗೆ ಇಳಿಯುವುದೇ ಇಲ್ಲ. ಆ ಲೋಳೆಯಲ್ಲಿ ಹೆಚ್ಚಾಗಿ ಇರುವುದು ಬ್ಯಾಕ್ಟೀರಿಯಾ. ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ ಟಾರ್ಟರ್ ಆಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಕೆಳಗಿನ ಮುಂದಿನ ಹಲ್ಲಿನ ಹಿಂಭಾಗದಲ್ಲಿ ಇದು ಜಾಸ್ತಿ, ಯಾಕೆಂದರೆ ಜೊಲ್ಲಿನ ಗ್ರಂಥಿಗಳು ಅಲ್ಲೇ ಬಾಯಿ ಬಿಡುತ್ತವೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಅಲ್ಲೇ ಕೂರುತ್ತದೆ. ವಸಡು ಊದಿ ರಕ್ತ ಬರುವುದು ಮೊದಲ ಹಂತ, ಅದನ್ನು ಪೂರ್ತಿ ವಾಸಿ ಮಾಡಬಹುದು. ಹಾಗೇ ಬಿಟ್ಟರೆ ಹಲ್ಲು ಹಿಡಿದಿರುವ ಮೂಳೆಯೇ ಸವೆಯಬಹುದು. ಹೋದ ಮೂಳೆ ತಾನಾಗಿ ವಾಪಸ್ ಬೆಳೆಯುವುದಿಲ್ಲ.

ಹಾಗಂತ ಮೊದಲು ಕ್ಲಿಪ್ಪಿಗೆ ಓಡಬೇಡಿ. ಹಲ್ಲು ಕ್ಲೀನ್ ಮಾಡಿಸಿ, ಫ್ಲಾಸ್ ಅಥವಾ ಸಂದಿಗೆ ಹೋಗುವ ಸಣ್ಣ ಬ್ರಶ್ ಅಭ್ಯಾಸ ಮಾಡಿಕೊಳ್ಳಿ. ಊದಿದ ವಸಡಿನ ಮೇಲೆ ಕ್ಲಿಪ್ ಹಾಕಿದರೆ ಮೂಳೆ ಇನ್ನೂ ಬೇಗ ಹಾಳಾಗಬಹುದು. ಇದು ನಿಜಕ್ಕೂ ಮುಖ್ಯ, ದಯವಿಟ್ಟು ಹಗುರವಾಗಿ ತಗೋಬೇಡಿ. ಸೊಟ್ಟ ಹಲ್ಲಿದ್ದೂ ಸಂದಿ ಸಂದಿ ಶುಚಿ ಮಾಡಿಕೊಳ್ಳುವವರ ವಸಡು ಗಟ್ಟಿಯಾಗಿರುತ್ತದೆ. ನೇರ ಹಲ್ಲಿದ್ದು ಸರಿಯಾಗಿ ಉಜ್ಜದವರಿಗೂ ಹುಳುಕು ತಪ್ಪಿದ್ದಲ್ಲ.

ಇನ್ನು ವಯಸ್ಸಿನ ಮಾತು. 34 ಏನೂ ತಡ ಅಲ್ಲ. ಹಲ್ಲಿನ ಮೇಲೆ ಮೆಲ್ಲಗೆ ಒತ್ತಡ ಬಿದ್ದಾಗ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಈ ಗುಣ ಮೂಳೆಗೆ ಯಾವ ವಯಸ್ಸಿನಲ್ಲೂ ಇರುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ, ಹಾಗಾಗಿ ತಾಳ್ಮೆ ಬೇಕು. ಮುಗಿದ ಮೇಲೂ, ಸರಿದ ಹಲ್ಲನ್ನು ಅಲ್ಲೇ ಹಿಡಿದಿಡುವ ರಿಟೈನರ್ ಹಾಕಿಕೊಳ್ಳದಿದ್ದರೆ ಹಲ್ಲು ಹಳೇ ಜಾಗಕ್ಕೇ ಹೊರಡುತ್ತದೆ. ತಲೆನೋವು, ದವಡೆ ನೋವು ಎಲ್ಲ ಹೋಗುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಸಾಲು ಸೊಟ್ಟ ಇರುವುದಕ್ಕಿಂತ ಕಚ್ಚು, ಅಂದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುವ ರೀತಿ, ತಪ್ಪಿರುವುದು ಎಷ್ಟೋ ಸಲ ಹೆಚ್ಚು ತೊಂದರೆ ಕೊಡುತ್ತದೆ. ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತಿದ್ದರೆ, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ಕಚ್ಚಿ ತುಂಡರಿಸಲು ಆಗದಿದ್ದರೆ, ಅಥವಾ ಮೂಳೆಯೊಳಗೇ ಸಿಕ್ಕಿಕೊಂಡ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಕರಗಿಸುತ್ತಿದ್ದರೆ ತೋರಿಸಲೇಬೇಕು. ನೋವಿಲ್ಲ ಅಂತ ಸುಮ್ನೆ ಕೂರಬಾರದು.

ಮಗಳನ್ನು ಈಗಲೇ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ದಂತವೈದ್ಯರು) ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ತೋರಿಸಿದ ತಕ್ಷಣ ಕ್ಲಿಪ್ ಹಾಕಿಸಬೇಕು ಅಂತೇನಿಲ್ಲ. ಸಾಮಾನ್ಯವಾಗಿ ಹದಿವಯಸ್ಸಿನಲ್ಲಿ ಶುರು ಮಾಡಿದರೂ ಹಲ್ಲು ಅಷ್ಟೇ ಚೆನ್ನಾಗಿ ಕೂರುತ್ತದೆ. ಆದರೆ ಮೇಲಿನ ಹಲ್ಲು ತುಂಬಾ ಮುಂದೆ ಬಂದಿದ್ದು, ತುಟಿ ಮುಚ್ಚದಿದ್ದರೆ, ಬಿದ್ದಾಗ ಮೊದಲ ಪೆಟ್ಟು ಹಲ್ಲಿಗೇ. ಅಂಥ ಮಗುವಿಗೆ ಬೇಗ ಚಿಕಿತ್ಸೆ ಶುರು ಮಾಡುವುದೇ ಒಳ್ಳೆಯದು. ಅಲ್ಲಿಯವರೆಗೆ ಆಟದ ಹೊತ್ತಿಗೆ ಹಲ್ಲಿಗೆ ಪೆಟ್ಟು ಬೀಳದಂತೆ ಕಾಯುವ ಮೌತ್‌ಗಾರ್ಡ್ ಇರಲಿ. ಒಂದು ವೇಳೆ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಬಿಳಿ ಭಾಗ ಹಿಡಿದು ಹಾಲಿನಲ್ಲಿ ಹಾಕಿಕೊಂಡು, ಒಂದು ಗಂಟೆಯೊಳಗೇ ದಂತವೈದ್ಯರ ಹತ್ತಿರ ಓಡಿ.