ಲಾದಿ ಪಾವ್ ಕಟ್ಟಿಕೊಂಡು ಹತ್ತು ವಾರ

ದಪ್ಪ ಸೋಲ್ (ಅಟ್ಟೆ) ಇರುವ ಓಟದ ಶೂ ಕೊಂಡಿದ್ದೇನೆ, ಓಡಿ ನೋಡಿ ಹೇಳುತ್ತೇನೆ ಎಂದು ಹಿಂದೊಮ್ಮೆ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮುಂಬೈ ಕನ್ನಡಿಗರು ಲೋಕಲ್ ಹಿಡಿಯಲು ಮಾತ್ರ ಓಡುತ್ತಾರೆ ಎಂಬ ನನ್ನ ನಂಬಿಕೆ ಸುಳ್ಳಾಯಿತು.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರೂ ಅಲ್ಲ, ಕೋಚೂ ಅಲ್ಲ. ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಊರು ಕುಂದಾಪುರದ ಕಡೆ, ವಯಸ್ಸು 52, ತೂಕ 58 ಕೆಜಿ. ಮನೆ ಮಾಟುಂಗಾದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಅಕ್ಕಾ, ಅಂಗಡಿಯಲ್ಲಿ ಹಾಕಿ ನೋಡಿದೆ. ಹತ್ತಿ ಹಾಸಿಗೆ ಮೇಲೆ ನಿಂತ ಹಾಗಿತ್ತು. ಬೆಲೆ ನೋಡಿ ವಾಪಸ್ ಇಟ್ಟೆ, ಹದಿಮೂರು ಸಾವಿರ! ವಾರಕ್ಕೆ ನಾಲ್ಕು ದಿನ ಐದಾರು ಕಿಲೋಮೀಟರ್ ಓಡುವ ನನ್ನಂಥವನಿಗೆ ಇದು ನಿಜಕ್ಕೂ ಬೇಕಾ? ನೀವು ಹೇಗೆ ಪರೀಕ್ಷೆ ಮಾಡಿದಿರಿ?
– ಒಬ್ಬ ಓದುಗ, ಡೊಂಬಿವಲಿ ಪೂರ್ವ

ಉತ್ತರ: ಪರೀಕ್ಷೆಯ ಕಥೆ ಮೊದಲು ಹೇಳಿಬಿಡುತ್ತೇನೆ ತಮ್ಮಾ. ಶೂ ನನ್ನ ದುಡ್ಡಿನದು. ಕಂಪನಿಯ ಹೆಸರು ಬರೆಯುವುದಿಲ್ಲ. ಒಂದೆರಡು ಬೈಗುಳವೂ ಬರಲಿದೆ, ಅದಕ್ಕೆ. ಹಿಮ್ಮಡಿಯ ಕೆಳಗೆ ಅದರ ದಪ್ಪ 40 ಮಿಲಿಮೀಟರ್, ಬೆರಳುಗಳ ಬುಡದಲ್ಲಿ 34. ಇವೆರಡರ ನಡುವಿನ ಅಂತರಕ್ಕೆ ಡ್ರಾಪ್ ಎನ್ನುತ್ತಾರೆ. ಅಂದರೆ ಇದರ ಡ್ರಾಪ್ 6. ನನ್ನ ಹಳೇ ಶೂ 30 ಮತ್ತು 20, ಡ್ರಾಪ್ 10. ಹೊಸದನ್ನು ತಂದ ದಿನ ಹಾಕಿಕೊಂಡು ಹಾಲ್‌ನಲ್ಲಿ ಎರಡು ಸುತ್ತು ನಡೆದೆ. ನಮ್ಮ ಯಜಮಾನರು ಪೇಪರ್‌ನಿಂದ ತಲೆಯೆತ್ತಿ, “ಕಾಲಿಗೆ ಲಾದಿ ಪಾವ್ ಕಟ್ಟಿಕೊಂಡು ಎಲ್ಲಿಗೆ ಹೊರಟೆ?” ಅಂದರು. ಲಾದಿ ಪಾವ್ ಅಂದರೆ ಒಂದಕ್ಕೊಂದು ಅಂಟಿಕೊಂಡ ಮೆತ್ತನೆ ಬನ್ನುಗಳ ದಪ್ಪ ಹಲಗೆ. ಸೋಲ್ ದಪ್ಪ ಆದಷ್ಟೂ ಸೋಲು ದೊಡ್ಡದು ಎಂದೂ ಸೇರಿಸಿದರು. ಅವರು ಓಡುವುದಿಲ್ಲ.

ಏಪ್ರಿಲ್ ಮೊದಲ ವಾರದಿಂದ ಮೊದಲ ಮಳೆಯವರೆಗೆ ಹತ್ತು ವಾರ ಓಡಿದೆ. ಒಟ್ಟು 316 ಕಿಮೀ. ಮೊದಲ ನಾಲ್ಕು ವಾರ ಒಂದು ದಿನ ಹಳೇದು, ಒಂದು ದಿನ ಹೊಸದು. ಆಮೇಲೆ ಹೊಸದೇ. ಹಾಗಾಗಿ ಹೊಸದರ ಪಾಲಿಗೆ ಸುಮಾರು 250 ಕಿಮೀ ಬಂತು. ವಾರದ ದಿನಗಳಲ್ಲಿ ಫೈವ್ ಗಾರ್ಡನ್ಸ್ ಸುತ್ತ, ಬೇಜಾರಾದರೆ ಶಿವಾಜಿ ಪಾರ್ಕ್ ಕಟ್ಟೆಯ ಸುತ್ತ. ಭಾನುವಾರ ಬೆಳಗಿನ ಲೋಕಲ್ ಹಿಡಿದು ಚರ್ಚ್‌ಗೇಟ್, ಅಲ್ಲಿಂದ ಮರೀನ್ ಡ್ರೈವ್ ಮೇಲೆ 12 ಕಿಮೀ.

ಬರೆದಿಡಲು ಒಂದು ಉದ್ದ ನೋಟ್‌ಬುಕ್. ತಾರೀಕು, ದಾರಿ, ಯಾವ ಶೂ, ಎಷ್ಟು ಹೊತ್ತು, ಕೊನೆಯ ಕಾಲಂ ‘ಮೆಟ್ಟಿಲು’. ನಮ್ಮ ಕಟ್ಟಡದಲ್ಲಿ 57 ಮೆಟ್ಟಿಲು. ಭಾನುವಾರದ ಓಟ ಹೇಗಿತ್ತು ಎಂದು ಭಾನುವಾರ ಗೊತ್ತಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಹಾಲು ತರಲು ಇಳಿಯುವಾಗ ಮಂಡಿ ತಾನೇ ಹೇಳುತ್ತದೆ. ಹಳೇ ಶೂ ಹಾಕಿದ ಮಾರನೇ ದಿನ ಬರೆದದ್ದು: “ಕಂಬಿ ಹಿಡಿದು ಅಡ್ಡಡ್ಡ ಇಳಿದೆ.” ಹೊಸದರ ಮಾರನೇ ದಿನ: “ನೇರ ಇಳಿದೆ. ಎರಡನೇ ಮಹಡಿಯಲ್ಲಿ ನಿಂತು ಮಾತೂ ಆಡಿದೆ.” ಈ ನೇರ ಇಳಿತದಲ್ಲಿ ನಾನು ಕೊಟ್ಟ ಹದಿಮೂರು ಸಾವಿರದ ಪಾಲೂ ಇರಬಹುದು. ದುಡ್ಡು ಸುರಿದ ಮೇಲೆ ಮಂಡಿಗೂ ಸ್ವಲ್ಪ ನಾಚಿಕೆ ಇರುತ್ತದಲ್ವಾ. ಆದರೆ ಹತ್ತು ವಾರದಲ್ಲಿ ಇದೊಂದು ಮಾತ್ರ ಬದಲಾಗಲಿಲ್ಲ.

ಇದು ಜಮಾ. ಖರ್ಚಿನ ಪುಟವೂ ಇದೆ.

ಮೂರನೇ ವಾರ ಮೀನಖಂಡ ಹಿಡಿದುಕೊಂಡಿತು, ಎರಡೂ ಕಾಲಿನದ್ದು. ಕಾರಣ ದಪ್ಪ ಅಲ್ಲ, ಡ್ರಾಪ್. ಹಿಮ್ಮಡಿ 10ರಿಂದ 6ಕ್ಕೆ ಇಳಿದಾಗ ಹಿಂದಿನ ಸ್ನಾಯು ಅಷ್ಟು ಜಾಸ್ತಿ ಎಳೆಯುತ್ತದೆ. ಮಂಡಿಯ ಮೇಲಿದ್ದ ಭಾರ ಮೀನಖಂಡದ ಖಾತೆಗೆ ಹೋಯಿತು, ಅಷ್ಟೇ. ಭಾರ ಮಾಯ ಮಾಡುವ ಶೂ ಇಲ್ಲ ಮಾರಾಯ್ರೆ. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ. ಅದನ್ನು ಯಾವ ಖಾತೆಯಲ್ಲಿ ಬರೆಯಬೇಕು ಎಂಬುದನ್ನಷ್ಟೇ ಶೂ ಬದಲಾಯಿಸುತ್ತದೆ.

ಐದನೇ ವಾರ ಕಾಲು ಉಳುಕಿತು. ಮನೆ ಹತ್ತಿರದ ಗಲ್ಲಿಯಲ್ಲಿ ಒಂದು ಪೇವರ್ ಬ್ಲಾಕ್ ಎದ್ದು ಹೋಗಿತ್ತು. ಹಳೇ ಶೂನಲ್ಲಿ ಅದೇ ಗುಂಡಿಯನ್ನು ನೂರು ಸಲ ದಾಟಿದ್ದೇನೆ, ನೆಲ ಹೇಗಿದೆ ಎಂದು ಪಾದಕ್ಕೇ ತಿಳಿಯುತ್ತಿತ್ತು. ನಾಲ್ಕು ಸೆಂಟಿಮೀಟರ್ ದಪ್ಪದ ಫೋಮ್ ಮೇಲೆ ನಿಂತರೆ ಆ ಸುದ್ದಿ ತಡವಾಗಿ ಬರುತ್ತದೆ. ಹಿಮ್ಮಡಿಯ ಹೊರಗಡೆ ಮೆಲ್ಲಗೆ ಕುಸಿಯಿತು, ನಾನೂ ಅದರ ಜೊತೆ ವಾಲಿದೆ. ನಾಲ್ಕು ದಿನ ಓಟ ಬಂದ್. ಮನೆಗೆ ಬಂದು ಶೂ ತಿರುಗಿಸಿ ನೋಡಿದೆ. ಹೊರಗಿನ ಅಂಚಿನಲ್ಲಿ ಫೋಮಿಗೆ ಅಡ್ಡ ಗೆರೆಗಳು ಬಿದ್ದಿದ್ದವು, ಮುದುಕರ ಹಣೆಯ ಹಾಗೆ. ಒಳ ಅಂಚಿನಲ್ಲಿ ಒಂದೂ ಇಲ್ಲ. ಅಂದರೆ ನಾನು ಹೊರಕ್ಕೆ ಒತ್ತಿ ಓಡುವವಳು. ಹೆಬ್ಬೆರಳಿನಿಂದ ಎರಡು ಕಡೆಯೂ ಒತ್ತಿದೆ, ಹೊರಗಡೆಯೇ ಬೇಗ ಇಳಿಯಿತು.

ಆದ್ದರಿಂದ ಅಂಗಡಿಯಲ್ಲಿ ದಪ್ಪ ನೋಡಬೇಡಿ, ಅಗಲ ನೋಡಿ. ಶೂ ಮಗುಚಿ ಅಂಗೈ ಇಟ್ಟು ನೋಡಿ. ದಪ್ಪ ಜಾಸ್ತಿಯಾದಷ್ಟೂ ಶೂನ ತಳ ಅಗಲ ಆಗಬೇಕು. ಒಳಗೆ ಹಿಮ್ಮಡಿ ಫೋಮಿನ ಮೇಲೆ ಕೂರಬಾರದು, ಅದರೊಳಗೆ ಸ್ವಲ್ಪ ಇಳಿದು ತೊಟ್ಟಿಯಲ್ಲಿ ಕೂತ ಹಾಗಿರಬೇಕು. ಆಮೇಲೆ ಒಂಟಿ ಕಾಲಲ್ಲಿ ನಿಂತು ಹತ್ತು ಎಣಿಸಿ. ಅಂಗಡಿಯ ಹುಡುಗ ನಕ್ಕರೆ ನಗಲಿ. ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಲಿ.

ವೇಗದ ವಿಷಯ: ಅದೇ ದಾರಿ, ಅಷ್ಟೇ ಏದುಸಿರು. ಹೊಸದರಲ್ಲಿ ಕಿಲೋಮೀಟರಿಗೆ ಐದಾರು ಸೆಕೆಂಡ್ ನಿಧಾನ. ಅಡುಗೆಮನೆಯ ತಕ್ಕಡಿಯಲ್ಲಿ ಹಳೇದು 251 ಗ್ರಾಂ, ಹೊಸದು 292. ನನಗೆ ಐದು ಸೆಕೆಂಡ್ ಉಳಿಸಿ ಏನೂ ಆಗಬೇಕಿಲ್ಲ.

ನಿಮಗೆ ಬೇಕಾ ಅಂದರೆ, ಈಗಿನ ಶೂನಲ್ಲಿ ಏನೂ ತಕರಾರು ಇಲ್ಲದಿದ್ದರೆ ಬೇಡ. ಐದಾರು ಕಿಲೋಮೀಟರಿಗೆ ಸಾಧಾರಣ ಶೂ ಸಾಕು. ಜನವರಿಯ ಮುಂಬೈ ಮ್ಯಾರಥಾನ್‌ಗೆ ಅರ್ಧ ದೂರ, ಅಂದರೆ 21 ಕಿಮೀ ಓಡುವ ಆಸೆಯಿದ್ದರೆ ಆಗ ಯೋಚಿಸಿ. ಆಗಲೂ ಹಳೇ ಮಾದರಿಯನ್ನೇ ಕೇಳಿ. ಹೊಸದು ಬಂದ ಕೂಡಲೇ ಹಿಂದಿನ ವರ್ಷದ್ದು ಎಷ್ಟೋ ಕಡಿಮೆಗೆ ಸಿಗುತ್ತದೆ.

ಪ್ರಶ್ನೆ: ನನ್ನ ತೂಕ 84 ಕೆಜಿ. ತೂಕದವರಿಗೇ ದಪ್ಪ ಮೆತ್ತನೆ ಶೂ ಬೇಕು, ತೆಳ್ಳಗಿದ್ದವರಿಗೆ ಯಾವುದಾದರೂ ನಡೆಯುತ್ತದೆ ಎಂದು ಅಂಗಡಿಯವರು ಹೇಳಿದರು. ಸರಿಯೇ?
– ಓದುಗರು, ವಾಶಿ

ಉತ್ತರ: ಕೇಳಲು ಸರಿ ಅನಿಸುತ್ತದೆ, ಆದರೆ ಪರೀಕ್ಷೆ ಮಾಡಿದವರಿಗೆ ಉಲ್ಟಾ ಸಿಕ್ಕಿದೆ. ಲಕ್ಸೆಂಬರ್ಗ್‌ನಲ್ಲಿ 848 ಹವ್ಯಾಸಿ ಓಟಗಾರರಿಗೆ ಹೊರಗಿನಿಂದ ಒಂದೇ ಥರ ಕಾಣುವ ಎರಡು ಬಗೆಯ ಶೂ ಹಂಚಿದರು. ಒಂದು ಗಟ್ಟಿ, ಒಂದು ಮೆತ್ತನೆಯದು. ಯಾರಿಗೆ ಯಾವುದು ಎಂದು ಅವರಿಗೂ ಹೇಳಲಿಲ್ಲ. 2020ರಲ್ಲಿ ಫಲ ಪ್ರಕಟವಾಯಿತು. ಗಟ್ಟಿ ಶೂನವರಿಗೆ ಗಾಯದ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. ಆದರೆ ಮೆತ್ತನೆ ಶೂನ ಲಾಭ ಜಾಸ್ತಿ ಸಿಕ್ಕಿದ್ದು ಹಗುರ ಮೈಯವರಿಗೆ. ಭಾರದವರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಫಿನ್‌ಲ್ಯಾಂಡಿನದು, 2018ರದ್ದು. ಕೆಲವೇ ಓಟಗಾರರಿದ್ದ ಸಣ್ಣ ಪರೀಕ್ಷೆ. ಗಂಟೆಗೆ 14.5 ಕಿಮೀ ವೇಗದಲ್ಲಿ ಓಡಿಸಿದಾಗ ಸಾಧಾರಣ ಶೂಗಿಂತ ದಪ್ಪ ಶೂನಲ್ಲೇ ನೆಲದ ಪೆಟ್ಟು ಸುಮಾರು 10 ಶೇಕಡಾ ಹೆಚ್ಚು ಬಂತು! 10 ಕಿಮೀ ವೇಗದಲ್ಲಿ ಈ ಅಂತರ ಕಡಿಮೆ. ಕಾರಣ ಸುಲಭ. ಹಾಸಿಗೆ ಮೇಲೆ ನಿಂತು ಫ್ಯಾನ್ ಒರೆಸುವಾಗ ಕಾಲು ತಾನಾಗಿ ಬಿಗಿಯಾಗುತ್ತದಲ್ಲ, ಹಾಗೆ. ಕೆಳಗೆ ಮೆತ್ತಗಿದ್ದರೆ ಕಾಲು ಬಗ್ಗುವುದನ್ನು ಕಡಿಮೆ ಮಾಡುತ್ತದೆ. ನಾವು ನೀವು ಗಂಟೆಗೆ ಎಂಟು ಒಂಬತ್ತು ಕಿಮೀ ಓಡುವವರು, ಹಾಗಾಗಿ ಈ ಎರಡನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ನನ್ನ ಸಲಹೆ: ತೀರಾ ಮೆತ್ತಗಿನದು ಬೇಡ. ಹೆಬ್ಬೆರಳಿನಿಂದ ಒತ್ತಿದರೆ ಇಳಿಯಬೇಕು, ಬಿಟ್ಟ ಕೂಡಲೇ ಎದ್ದು ಬರಬೇಕು. ತಾಜಾ ಇಡ್ಲಿಯ ಹಾಗೆ. ನಿನ್ನೆಯ ಬನ್ನಿನ ಹಾಗಲ್ಲ.

ಪ್ರಶ್ನೆ: ನನಗೆ 71. ನಾವೆಲ್ಲ ಊರಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ಓಡಿದವರು. ಒಬ್ಬರಿಗೂ ಮಂಡಿ ನೋವು ಇರಲಿಲ್ಲ. ಇದೆಲ್ಲ ಕಂಪನಿಗಳ ಆಟ ಅಲ್ಲವೇ ತಂಗಿ?
– ಹಿರಿಯ ಓದುಗರು, ಮುಲುಂಡ್

ಉತ್ತರ: ಅರ್ಧ ಒಪ್ಪಿದೆ ಅಣ್ಣಾ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಆದರೆ ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅವರೇ ಶೂ ಹಾಕಿ ಓಡಿ ಮತ್ತೆ ಗೆದ್ದರು, ಇನ್ನೂ ಮೂರು ನಿಮಿಷ ಬೇಗ. ಎರಡೂ ಕಡೆಯವರು ಅವರನ್ನು ಸಾಕ್ಷಿಗೆ ಕರೆಯಬಹುದು.

ದಪ್ಪ ಶೂ ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ. 2009ರಲ್ಲಿ ಫ್ರಾನ್ಸ್‌ನ ಇಬ್ಬರು ಹೋಕಾ ಎಂಬ ಕಂಪನಿ ಶುರು ಮಾಡಿದರು. ಗುಡ್ಡ ಇಳಿಯುವಾಗ ಬೇಗ ಇಳಿಯಲು ದಪ್ಪ ಅಟ್ಟೆಯ ಶೂ ಮಾಡುವುದು ಅವರ ಉದ್ದೇಶ. ಆಗ ಬರಿಗಾಲ ಓಟದ ಗಾಳಿ ಬೀಸುತ್ತಿದ್ದ ಕಾಲ, ತೆಳು ಶೂಗೇ ಗಿರಾಕಿ. ಈಗ ಎಲ್ಲ ದೊಡ್ಡ ಕಂಪನಿಗಳೂ ದಪ್ಪ ಶೂ ಮಾಡುತ್ತವೆ. ಇನ್ನು ಹತ್ತು ವರ್ಷಕ್ಕೆ ಮತ್ತೆ ತೆಳು ಬಂದರೂ ನನಗೆ ಆಶ್ಚರ್ಯವಿಲ್ಲ.

ಬದುವಿನ ಮಣ್ಣು ಮಾತ್ರ ಬೇರೆ. ಮಳೆಗೆ ನೆಂದ ಬದು ತಾನೇ ಮೆತ್ತೆ. ಮುಲುಂಡಿನ ಸಿಮೆಂಟ್ ರಸ್ತೆಗೆ ಆ ಗುಣ ಎಲ್ಲಿಂದ ಬರಬೇಕು? ನೀವು ನಡೆಯುವವರಾದರೆ, ತೀರಾ ದಪ್ಪದ್ದು ಬೇಡ. 71ರಲ್ಲಿ ಕಾಲು ಉಳುಕುವುದು ಮಂಡಿ ನೋವಿಗಿಂತ ದೊಡ್ಡ ತಾಪತ್ರಯ.

ಪ್ರಶ್ನೆ: 40 ಮಿಮೀಗಿಂತ ದಪ್ಪ ಶೂ ಹಾಕಿದರೆ ರೇಸ್‌ನಿಂದ ಹೊರಗೆ ಹಾಕುತ್ತಾರಂತೆ, ಹೌದಾ?
– ಕಾಲೇಜು ವಿದ್ಯಾರ್ಥಿ, ಪೊವಾಯಿ

ಉತ್ತರ: ಓಟದ ನಿಯಮ ಮಾಡುವ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ರಸ್ತೆ ಓಟಕ್ಕೆ 40 ಮಿಮೀ ಮಿತಿ ಹಾಕಿತು. ಅದು ಬಹುಮಾನಕ್ಕೆ, ದಾಖಲೆಗೆ ಓಡುವವರ ಚಿಂತೆ. ನಮ್ಮ ಹಿಂದೆ ಯಾರೂ ಅಳತೆಪಟ್ಟಿ ಹಿಡಿದು ಬರುವುದಿಲ್ಲ. ನೀನು ಗೆಲ್ಲುವಷ್ಟು ಬೇಗ ಓಡುತ್ತಿದ್ದರೆ ಮಾತ್ರ ಮತ್ತೊಮ್ಮೆ ಬರಿ.

ಪ್ರಶ್ನೆ: ಸ್ಟೇಷನ್ ಹೊರಗಿನ ಮೋಚಿ ನನ್ನ ಸವೆದ ಓಟದ ಶೂನ ಸೋಲ್‌ಗೆ ರಬ್ಬರ್ ಅಂಟಿಸಿ ಕೊಡುತ್ತೇನೆ ಎನ್ನುತ್ತಾನೆ. ಇನ್ನೊಂದು ವರ್ಷ ಬರುತ್ತದಾ?
– ಗೃಹಿಣಿ, ಠಾಣೆ

ಉತ್ತರ: ತರಕಾರಿ ತರಲು ಬರುತ್ತದೆ, ಓಡಲು ಇಲ್ಲ. ಅವನ ಕೈ ಒಳ್ಳೆಯದೇ, ರಬ್ಬರ್ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಸತ್ತಿರುವುದು ರಬ್ಬರ್ ಅಲ್ಲ, ಒಳಗಿನ ಫೋಮ್. ಅದರಲ್ಲಿ ಲಕ್ಷಾಂತರ ಸಣ್ಣ ಗಾಳಿಗುಳ್ಳೆ ಇರುತ್ತವೆ, ಒತ್ತಿ ಒತ್ತಿ ಅವು ಕುಸಿಯುತ್ತವೆ. ಸಾಮಾನ್ಯವಾಗಿ 500ರಿಂದ 800 ಕಿಮೀ ಅದರ ಆಯಸ್ಸು. ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಮುಗಿದಿರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಈ ದಪ್ಪ ಶೂ ಒಣಗುತ್ತದಾ? ನಮ್ಮ ಮನೆಯಲ್ಲಿ ಕರ್ಚೀಫೇ ಮೂರು ದಿನ ಒಣಗುವುದಿಲ್ಲ.
– ಓದುಗರು, ಚೆಂಬೂರ್

ಉತ್ತರ: ಇದೇ ನಿಜವಾದ ಪ್ರಶ್ನೆ. ಜೂನ್‌ನ ಮೊದಲ ಜಡಿಮಳೆಯಲ್ಲಿ ಆರು ಕಿಮೀ ಓಡಿ ಬಂದು ತೂಗಿದೆ. ಒಂದೊಂದು 292ರಿಂದ 405 ಗ್ರಾಂ ಆಗಿತ್ತು. ನೀರು ಕುಡಿಯುವುದು ಫೋಮ್ ಅಲ್ಲ, ಮೇಲಿನ ದಪ್ಪ ಬಟ್ಟೆ, ನಾಲಿಗೆ ಮತ್ತು ಒಳಗಿನ ಮೆತ್ತೆ. ಪಾಚಿ ಹಿಡಿದ ಫುಟ್‌ಪಾತ್ ಮೇಲೆ ಜಾರಿತು ಕೂಡ. ತೂಕ ಉಳಿಸಲು ತಳದಲ್ಲಿ ರಬ್ಬರನ್ನು ಅಲ್ಲಲ್ಲಿ ಮಾತ್ರ ಅಂಟಿಸಿರುತ್ತಾರೆ, ಉಳಿದ ಕಡೆ ಬರೀ ಫೋಮ್. ನಾನು ಮಳೆಗೆ ಹಳೇ ಶೂಗೇ ವಾಪಸ್ ಹೋಗಿದ್ದೇನೆ.

ನೆನೆದರೆ ಮೊದಲು ಲೇಸ್ ಬಿಚ್ಚಿ, ಒಳಗಿನ ಮೆತ್ತೆ ಹೊರಗೆ ತೆಗೆದು ಬೇರೆ ಒಣಗಿಸಿ. ಗ್ಯಾಸ್ ಒಲೆಯ ಹತ್ತಿರ, ಹೇರ್ ಡ್ರೈಯರ್ ಮುಂದೆ ಬೇಡವೇ ಬೇಡ. ಬಿಸಿಗೆ ಫೋಮ್ ಕುಗ್ಗುತ್ತದೆ, ಅಂಟು ಬಿಡುತ್ತದೆ. ಫ್ಯಾನ್ ಕೆಳಗೆ ಮಗ್ಗುಲಾಗಿ ಇಡಿ. ಒಳಗೆ ಹಳೇ ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಈ ನಮ್ಮ ಮಾಸಿಕದ ಹಾಳೆ ಮಾತ್ರ ಹಾಕಬೇಡಿ. ನಾನು ಹಾಕಿ ನೋಡಿದೆ, ನುಣುಪು ಕಾಗದ ನೀರನ್ನೇ ಹೀರುವುದಿಲ್ಲ.