ಪದವಿ ವಿದ್ಯಾರ್ಥಿಗಳಿಗೆ ಉದ್ಯಮಶೀಲತೆಯನ್ನು ಕಲಿಸಲು ಸಾಧ್ಯವೇ?

ಸಾಧ್ಯ, ಆದರೆ ದಪ್ಪನೆಯ ಯೋಜನಾ ವರದಿ ಬರೆಸಿ ಅಲ್ಲ. ಅನುಭವಿ ಉದ್ಯಮಿಗಳ ಯೋಚನಾಕ್ರಮವನ್ನು ಅಧ್ಯಯನ ಮಾಡಿದ ಪ್ರಾಧ್ಯಾಪಕಿ ಸರಸ್ ಸರಸ್ವತಿ 2001ರಲ್ಲಿ ಕೊಟ್ಟ ವಿವರಣೆ ಇಲ್ಲಿ ಉಪಯುಕ್ತ: ಅಂಥ ಉದ್ಯಮಿಗಳು ಲಾಭದ ಅಂದಾಜಿನಿಂದ ಹೊರಡುವುದಿಲ್ಲ, ಕೈಯಲ್ಲಿ ಏನಿದೆ, ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಹುದು ಎಂಬಲ್ಲಿಂದ ಹೊರಡುತ್ತಾರೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ಹೊಸನಗರದ ಹುಡುಗಿಯ ಮನೆಯಲ್ಲಿ ಅಪ್ಪೆಮಿಡಿ ಮರವಿದೆ, ಉಪ್ಪಿನಕಾಯಿ ಹಾಕಬಲ್ಲ ಅಜ್ಜಿ ಇದ್ದಾರೆ ಎನ್ನಿ. ಹತ್ತು ಬಾಟಲಿಗಳನ್ನು ಶಿವಮೊಗ್ಗದಲ್ಲಿ ಅಪರಿಚಿತರಿಗೆ ಮಾರಲು ಹೇಳಿ (ನೆಂಟರಿಗೆ ಮಾರಿದ್ದು ಲೆಕ್ಕಕ್ಕಿಲ್ಲ). ಮಾರಾಟವಾಗದಿದ್ದರೂ ನಷ್ಟ ಅಲ್ಪ. ಬೆಲೆ ಹೆಚ್ಚಾಯಿತೋ, ಬಾಟಲಿ ದೊಡ್ಡದಾಯಿತೋ ಎಂಬುದು ಕೊಳ್ಳದೆ ಹೋದವರನ್ನು ಕೇಳಿದರೆ ತಿಳಿಯುತ್ತದೆ. ಮುಂದಿನ ಸಲ ಏನು ಬದಲಿಸಬೇಕೆಂದು ಅವಳೇ ತೀರ್ಮಾನಿಸಲಿ. ಅಂಕ ಕೊಡಬೇಕಾದದ್ದು ಆ ತೀರ್ಮಾನಕ್ಕೆ, ಗಳಿಸಿದ ದುಡ್ಡಿಗಲ್ಲ.