ವಿದ್ಯುತ್ ಹೋದಾಗ ಉಪ್ಪುನೀರಿನ ಅಕ್ವೇರಿಯಂ

ಪ್ರಶ್ನೆ: ನಮ್ಮ ಮನೆಯಲ್ಲಿ ಸುಮಾರು 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದ್ದು, ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್ ಹಾಗೂ ಕೆಲವು ಮೃದು ಹವಳಗಳಿವೆ. ಈಚೆಗೆ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ವಿದ್ಯುತ್ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮನೆಯ ಇನ್ವರ್ಟರ್‌ಗೆ ಅಕ್ವೇರಿಯಂನ ಎಲ್ಲ ಉಪಕರಣಗಳನ್ನೂ ಜೋಡಿಸಬೇಕೆ? ಬೇರೆ ಯಾವ ಸಿದ್ಧತೆ ಅಗತ್ಯ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮೀನುಗಳು ತೋರಿದ್ದು ಆಮ್ಲಜನಕದ ಕೊರತೆಯ ಲಕ್ಷಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಸಮುದ್ರದಷ್ಟೇ ಉಪ್ಪಿರುವ ನೀರು ಸುಮಾರು 6.7 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಮೀನುಗಳಷ್ಟೇ ಅಲ್ಲ, ಹವಳಗಳೂ ಕಲ್ಲುಗಳ ಮೇಲಿನ ಬ್ಯಾಕ್ಟೀರಿಯಾಗಳೂ ಇರುಳೆಲ್ಲ ಅದೇ ಆಮ್ಲಜನಕವನ್ನು ಬಳಸುತ್ತಿರುತ್ತವೆ. ಪಂಪ್ ನಿಂತು ನೀರಿನ ಮೇಲ್ಮೈ ಅಲುಗದೆ ಉಳಿದಾಗ, ಖರ್ಚಾದದ್ದು ಗಾಳಿಯಿಂದ ಸಾಕಷ್ಟು ಬೇಗ ಮರಳಿ ಸೇರುವುದಿಲ್ಲ.

ಆದ್ದರಿಂದ ಎಲ್ಲವನ್ನೂ ಇನ್ವರ್ಟರ್‌ಗೆ ಜೋಡಿಸುವ ಅಗತ್ಯವಿಲ್ಲ. ಹಾಗೆ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಶಕ್ತಿಯಿರುತ್ತದೆ. ಅದರಲ್ಲಿ ಅರ್ಧ ಮಾತ್ರ ಕೈಗೆ ಸಿಗುತ್ತದೆಂದು ಹಿಡಿದು, ಮನೆಯ ದೀಪ, ಫ್ಯಾನುಗಳನ್ನು ಆರಿಸಿದರೆ, 20 ವ್ಯಾಟ್‌ನ ಅಲೆ ಎಬ್ಬಿಸುವ ಪಂಪ್ ಒಂದೂವರೆ ದಿನಕ್ಕೂ ಹೆಚ್ಚು ನಡೆಯುತ್ತದೆ. ಅದೇ ಬ್ಯಾಟರಿಗೆ ನೀರು ತಂಪಾಗಿಸುವ 300 ವ್ಯಾಟ್‌ನ ಚಿಲ್ಲರ್ ಜೋಡಿಸಿದರೆ ಮೂರು ಗಂಟೆಯಲ್ಲಿ ಖಾಲಿಯಾಗುತ್ತದೆ. ಹವಳಗಳು ಒಂದೆರಡು ದಿನ ಬೆಳಕಿಲ್ಲದೆ ಇರಬಲ್ಲವು. ಬೆಂಗಳೂರಿನ ಹವೆಯಲ್ಲಿ ಹೀಟರ್ ಕೆಲವು ಗಂಟೆ ನಿಂತರೂ ಅಪಾಯವಿಲ್ಲ. ಅಲೆ ಎಬ್ಬಿಸುವ ಪಂಪ್ ಒಂದಕ್ಕೆ ಮಾತ್ರ ಇನ್ವರ್ಟರ್ ಸಂಪರ್ಕ ಕೊಡಿ, ಅದರ ಮುಖವನ್ನು ನೀರಿನ ಮೇಲ್ಭಾಗದತ್ತ ತಿರುಗಿಸಿ. ಇನ್ವರ್ಟರ್ ಸೈನ್ ವೇವ್ ಮಾದರಿಯದಾಗಿದ್ದರೆ ಪಂಪಿನ ಮೋಟಾರಿಗೆ ಒಳ್ಳೆಯದು. ಇದರ ಜೊತೆಗೆ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ತಪ್ಪದೆ ಇಟ್ಟುಕೊಳ್ಳಿ, ಏಕೆಂದರೆ ಇನ್ವರ್ಟರ್ ಕೂಡ ಕೈಕೊಡಬಹುದು. ಏನೂ ಇಲ್ಲದಿದ್ದಾಗ, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಒಂದಡಿ ಮೇಲಿಂದ ಆಗಾಗ ಸುರಿಯುತ್ತಿದ್ದರೂ ಮೀನುಗಳು ಉಳಿಯುತ್ತವೆ. ವಿದ್ಯುತ್ ಬರುವವರೆಗೆ ಆಹಾರ ಹಾಕಬೇಡಿ.

ವಿದ್ಯುತ್ ಮರಳಿದ ಗಳಿಗೆಯಲ್ಲೂ ಎಚ್ಚರ ಬೇಕು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸತ್ತು ನೀರು ಕೊಳೆತಿರುತ್ತದೆ. ಅದನ್ನು ಬಿಚ್ಚಿ ಆ ನೀರನ್ನು ಚೆಲ್ಲಿ ತೊಳೆಯದೆ ಚಾಲೂ ಮಾಡಿದರೆ ಆ ವಿಷವೆಲ್ಲ ಮೀನುಗಳ ಮೇಲೆ ಬರುತ್ತದೆ. ಆ ದಿನ ಮತ್ತು ಮರುದಿನ ಅಮೋನಿಯಾ ಪರೀಕ್ಷಿಸಿ, ಅದು ಕಂಡುಬಂದರೆ ನಾಲ್ಕನೇ ಒಂದು ಭಾಗ ನೀರು ಬದಲಿಸಿ. ಇದಕ್ಕಾಗಿಯೇ 50 ಲೀಟರ್ ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ಸದಾ ಸಿದ್ಧವಾಗಿಡಬೇಕು; ಆ ಹೊತ್ತಿಗೆ ಬೆರೆಸಲು ಹೊರಟರೆ ಉಪ್ಪು ಸರಿಯಾಗಿ ಕರಗುವಷ್ಟು ಸಮಯ ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಈ ವಾರವೇ ಹಗಲು ಹೊತ್ತಿನಲ್ಲಿ ಮಾಡಿ. ನಿಮ್ಮ ಅಕ್ವೇರಿಯಂನ ಕೆಳಗೆ ಫಿಲ್ಟರ್ ತೊಟ್ಟಿ ಇದ್ದರೆ, ನೀವೇ ಸ್ವಿಚ್ ಆರಿಸಿ, ಮೇಲಿನ ನೀರು ಎಷ್ಟು ಇಳಿದು ಬರುತ್ತದೆ, ಕೆಳಗಿನ ತೊಟ್ಟಿ ಅದನ್ನು ಹಿಡಿಯುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಉಪ್ಪುನೀರು ನೆಲಕ್ಕೆ ಹರಿದು ಪ್ಲಗ್ ಪಾಯಿಂಟ್ ತಲುಪಿದರೆ ಅಪಾಯ ಮನುಷ್ಯರಿಗೆ. ಆ ವಿದ್ಯುತ್ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಕ್ಕೆ ಬಾಗಿ ಬಂದು ಮೇಲೇರುವಂತಿರಲಿ, ಆಗ ವೈರಿನ ಮೇಲೆ ಜಾರುವ ಹನಿ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ತುರ್ತಿಗೆ ಅಕ್ವೇರಿಯಂ ಉಪ್ಪು ಸಿಗದಿದ್ದರೆ ಹತ್ತಿರದ ಕಡಲ ನೀರನ್ನೇ ತರಬಹುದೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಳೆಗಾಲದಲ್ಲಿ ಬೇಡ. ನೇತ್ರಾವತಿ, ಗುರುಪುರ ನದಿಗಳ ಕೆಂಪು ನೀರು ಕಡಲಿಗೆ ಸೇರುವ ಆ ತಿಂಗಳುಗಳಲ್ಲಿ ದಡದ ಬಳಿಯ ನೀರಿನ ಉಪ್ಪು ಇಳಿದಿರುತ್ತದೆ, ಜೊತೆಗೆ ಕೆಸರೂ ಇರುತ್ತದೆ. ಬೇಸಿಗೆಯಲ್ಲಾದರೂ ಬಂದರು, ಅಳಿವೆಗಳಿಂದ ದೂರದ ನೀರನ್ನೇ ತಂದು, ಸೋಸಿ, ಉಪ್ಪಿನ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರ್‌ನಲ್ಲಿ ಅಳೆದು, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದ್ದರೆ ಮಾತ್ರ ಬಳಸಿ. ಅಡುಗೆ ಉಪ್ಪು ಎಂದಿಗೂ ಬದಲಿಯಲ್ಲ, ಏಕೆಂದರೆ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿರುವುದಿಲ್ಲ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಒಂದು ವಾರ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಏನು ಹೇಳಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಊರಿನ ಬೇಸಿಗೆಯಲ್ಲಿ ಮೊದಲು ಕಾಡುವುದು ಬಿಸಿಲು. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯಬಹುದು, ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಗುರುತು ಹಾಕಿದ ಮಟ್ಟದವರೆಗೆ ದಿನವೂ ಸಿಹಿಯಾದ ಆರ್‌ಓ ನೀರನ್ನೇ ತುಂಬಬೇಕೆಂದು ತಿಳಿಸಿ. ಆಹಾರವನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಟ್ಟು ಉಳಿದ ಡಬ್ಬಿಯನ್ನು ಬೀಗ ಹಾಕಿಡಿ, ಪ್ರೀತಿಯಿಂದ ಹೆಚ್ಚು ಹಾಕಿ ನೀರು ಕೆಡಿಸುವವರೇ ಹೆಚ್ಚು. ಫ್ರೀಜರಿನಲ್ಲಿ ನೀರು ತುಂಬಿದ ಎರಡು ಬಾಟಲಿ ಇಟ್ಟು, ಥರ್ಮಾಮೀಟರ್ 30 ಡಿಗ್ರಿ ದಾಟಿದರೆ ಒಂದನ್ನು ತೇಲಿಬಿಡುವಂತೆ ಹೇಳಿ. ಒಮ್ಮೆಲೇ ಎರಡನ್ನೂ ಹಾಕಬಾರದು, ತಾಪಮಾನ ತಟ್ಟನೆ ಕುಸಿಯುವುದೂ ಮೀನಿಗೆ ಅಷ್ಟೇ ಕೆಡುಕು. ನೀರಿನಲ್ಲಿ ಕೈಯಿಡುವ ಮುನ್ನ ಆರಿಸಬೇಕಾದ ಸ್ವಿಚ್ ಯಾವುದೆಂದು ಅದರ ಮೇಲೆಯೇ ಚೀಟಿ ಅಂಟಿಸಿ ಹೊರಡಿ.